ಕೆಜಿ, ಬಾರ್, ಪ್ಯಾಸ್ಕಲ್, ಪಾದರಸದ ಮಿಲಿಮೀಟರ್: ಒತ್ತಡದ ಏಕಮಾನಗಳನ್ನು ಬದಲಿಸುವುದು ಹೇಗೆ?

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಈ ಹಂಗಾಮಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಗೆ ಸೇರಿದ್ದೇನೆ. ಇಲ್ಲಿ ಬಾಯ್ಲರ್ ಗೇಜ್ ಕೆಜಿ ಲೆಕ್ಕದಲ್ಲಿದೆ, ಹೊಸ ಕಂಪ್ರೆಸರ್ ಬಾರ್ ತೋರಿಸುತ್ತದೆ, ಅದರ ಕೈಪಿಡಿ ಮೆಗಾಪ್ಯಾಸ್ಕಲ್ ಎನ್ನುತ್ತದೆ, ಸಕ್ಕರೆ ಪಾಕ ಕುದಿಸುವ ಪ್ಯಾನ್‌ನ ವ್ಯಾಕ್ಯೂಮ್ (ನಿರ್ವಾತ) ಪಾದರಸದ ಮಿಲಿಮೀಟರ್‌ನಲ್ಲಿದೆ, ಫರ್ನೇಸ್ ಡ್ರಾಫ್ಟ್ (ಬಾಯ್ಲರ್ ಕುಲುಮೆಯೊಳಗಿನ ಗಾಳಿಯ ಸೆಳೆತ) ನೀರಿನ ಮಿಲಿಮೀಟರ್‌ನಲ್ಲಿದೆ. ಬಾರ್ ಮತ್ತು ಕೆಜಿ ಎರಡೂ ಒಂದೇ ಎಂದು ಹಿರಿಯರೊಬ್ಬರು ಹೇಳುತ್ತಾರೆ, ಪುಸ್ತಕ ಒಪ್ಪುವುದಿಲ್ಲ. ಆಂಧ್ರದ ಕರಾವಳಿಯ ಕಾರ್ಖಾನೆಯಿಂದ ಬಂದಿರುವ ನಮ್ಮ ಹೊಸ ಮುಖ್ಯಸ್ಥರು ಪ್ಯಾನ್‌ನಲ್ಲಿ 650 ಮಿ.ಮೀ. ವ್ಯಾಕ್ಯೂಮ್ ಬೇಕೇ ಬೇಕು ಎನ್ನುತ್ತಾರೆ. ನಮ್ಮಲ್ಲಿ ಏನು ಮಾಡಿದರೂ ಮುಳ್ಳು 600 ದಾಟುವುದಿಲ್ಲ. ಜೊತೆಗೆ, ಡ್ರಾಫ್ಟ್ ಅಳೆದು ವಿದ್ಯುತ್ ಸಂಕೇತವಾಗಿ ಕಳಿಸುವ, ಪ್ಯಾಸ್ಕಲ್‌ನಲ್ಲಿ ರೇಂಜ್ ಕೇಳುವ ಹೊಸ ಟ್ರಾನ್ಸ್‌ಮಿಟರ್ ಬಂದಿದೆ. ಎಲ್ಲಕ್ಕೂ ಸೇರಿ ಒಂದು ಪರಿವರ್ತನಾ ಕೋಷ್ಟಕ ಕೊಡುತ್ತೀರಾ?

ಉತ್ತರ: ಕೋಷ್ಟಕ ಬೇಕಾದಷ್ಟು ಸಿಗುತ್ತದೆ, ಮೊಬೈಲಿನಲ್ಲೇ ಇದೆ. ಆದರೆ ನೀವು ಬರೆದಿರುವ ಮೂರು ತೊಡಕುಗಳಲ್ಲಿ ಕೋಷ್ಟಕ ಬಿಡಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದು ಗುಣಾಕಾರದ ಸಮಸ್ಯೆಯೇ ಅಲ್ಲ. ಸೊನ್ನೆ ಎಲ್ಲಿದೆ ಎಂಬುದು ಅಲ್ಲಿನ ಪ್ರಶ್ನೆ, ಅದನ್ನು ಯಾವ ಕೋಷ್ಟಕವೂ ಹೇಳುವುದಿಲ್ಲ. ಆದ್ದರಿಂದ ಕೋಷ್ಟಕದ ಬದಲು ಎರಡು ಸಂಖ್ಯೆಗಳನ್ನೂ ಒಂದು ಅಭ್ಯಾಸವನ್ನೂ ಕೊಡುತ್ತೇನೆ.

ಮೊದಲು ಸಂಖ್ಯೆಗಳು. ಕಾರ್ಖಾನೆಯಲ್ಲಿ ನೀವು ಕಾಣುವ ಮೆಟ್ರಿಕ್ ಏಕಮಾನಗಳು ಎರಡು ಕುಟುಂಬಗಳಿಗೆ ಸೇರಿವೆ. ಒಂದು ಪ್ಯಾಸ್ಕಲ್ ಕುಟುಂಬ. ಒಂದು ಚದರ ಮೀಟರ್ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಒಂದು ಪ್ಯಾಸ್ಕಲ್. ನೂರು ಪ್ಯಾಸ್ಕಲ್ ಒಂದು ಹೆಕ್ಟೋಪ್ಯಾಸ್ಕಲ್, ಅದೇ ಒಂದು ಮಿಲಿಬಾರ್. ಸಾವಿರ ಪ್ಯಾಸ್ಕಲ್ ಒಂದು ಕಿಲೋಪ್ಯಾಸ್ಕಲ್. ನೂರು ಕಿಲೋಪ್ಯಾಸ್ಕಲ್ ಒಂದು ಬಾರ್. ಹತ್ತು ಬಾರ್ ಒಂದು ಮೆಗಾಪ್ಯಾಸ್ಕಲ್. ಸಿವಿಲ್ ವಿಭಾಗದವರು ಎಂ20 ಕಾಂಕ್ರೀಟ್ ಎನ್ನುವಾಗ ಹೇಳುವ ಚದರ ಮಿಲಿಮೀಟರಿಗೆ 20 ನ್ಯೂಟನ್ ಎಂಬುದೂ 20 ಮೆಗಾಪ್ಯಾಸ್ಕಲ್ಲೇ. ಈ ಕುಟುಂಬದೊಳಗೆ ಓಡಾಡಲು ದಶಮಾಂಶ ಬಿಂದುವನ್ನು ಸರಿಸಿದರೆ ಸಾಕು. ನಿಮ್ಮ ಕಂಪ್ರೆಸರ್ ಕೈಪಿಡಿಯಲ್ಲಿ 0.8 ಮೆಗಾಪ್ಯಾಸ್ಕಲ್ ಎಂದಿದ್ದರೆ ಡಯಲ್ ಮೇಲೆ ಅದು 8 ಬಾರ್.

ಇನ್ನೊಂದು ತೂಕದ ಕುಟುಂಬ. ನಾವು ಬಾಯಲ್ಲಿ ಬರೀ 'ಕೆಜಿ' ಎನ್ನುವುದು ವಾಸ್ತವವಾಗಿ ಒಂದು ಚದರ ಸೆಂಟಿಮೀಟರ್ ಮೇಲೆ ಬೀಳುವ ಒಂದು ಕಿಲೋಗ್ರಾಂ ತೂಕ. ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತದ ಕೊಳವೆಯಲ್ಲಿ ಹತ್ತು ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ಅದರಲ್ಲಿ ಸಾವಿರ ಘನ ಸೆಂಟಿಮೀಟರ್ ನೀರು ಇರುತ್ತದೆ, ತೂಕ ಒಂದು ಕಿಲೋಗ್ರಾಂ. ಹಾಗಾಗಿ ಒಂದು ಕೆಜಿ ಒತ್ತಡ ಎಂದರೆ ಹತ್ತು ಮೀಟರ್ ನೀರು, ಅಂದರೆ ಹತ್ತು ಸಾವಿರ ಮಿಲಿಮೀಟರ್ ನೀರು. ಪಂಪಿನವರು ಹೇಳುವ ಮೀಟರ್ ಹೆಡ್, ಡ್ರಾಫ್ಟ್ ಗೇಜಿನ ಮಿಲಿಮೀಟರ್ ನೀರು, ಬಾಯ್ಲರಿನ ಕೆಜಿ ಇವೆಲ್ಲ ಇದೇ ಕುಟುಂಬದವು. ಇಲ್ಲಿಯೂ ಒಳಗೊಳಗೆ ಬಿಂದು ಸರಿಸಿದರೆ ಮುಗಿಯಿತು.

ಲೆಕ್ಕ ಬೇಕಾಗುವುದು ಒಂದು ಕುಟುಂಬದಿಂದ ಇನ್ನೊಂದಕ್ಕೆ ದಾಟುವಾಗ ಮಾತ್ರ. ಒಂದು ಕಿಲೋಗ್ರಾಂ ತೂಕ ಎಂದರೆ 9.80665 ನ್ಯೂಟನ್. ಇದು 1901ರಲ್ಲಿ ಅಂತರರಾಷ್ಟ್ರೀಯ ತೂಕ ಮತ್ತು ಅಳತೆಗಳ ಮಹಾಸಭೆ ನಿಗದಿ ಮಾಡಿದ ಪ್ರಮಾಣಿತ ಗುರುತ್ವದ ಬೆಲೆ. ಅಷ್ಟು ಬಲ ಒಂದು ಚದರ ಸೆಂಟಿಮೀಟರ್ ಮೇಲೆ ಬಿದ್ದರೆ 98,066.5 ಪ್ಯಾಸ್ಕಲ್, ಅಂದರೆ 0.980665 ಬಾರ್. ನೆನಪಿಡಬೇಕಾದ ಮೊದಲ ಸಂಖ್ಯೆ ಇದು. ಒಂದು ಮಿಲಿಮೀಟರ್ ನೀರು 9.80665 ಪ್ಯಾಸ್ಕಲ್ ಎಂಬುದೂ ಇದೇ ಸಂಖ್ಯೆ, ಬಿಂದುವಿನ ಜಾಗ ಮಾತ್ರ ಬೇರೆ. ಮನೆಯ ಗ್ಯಾಸ್ ಒಲೆಯ ಭಾರತೀಯ ಮಾನಕವನ್ನು ತೆರೆದು ನೋಡಿದರೆ ಅನಿಲದ ಒತ್ತಡ 2.942 ಕಿಲೋಪ್ಯಾಸ್ಕಲ್ ಎಂದು ಕಾಣುತ್ತದೆ. ಇಂಥ ವಿಚಿತ್ರ ಅಂಕಿಯನ್ನು ಯಾರಾದರೂ ಏಕೆ ಆರಿಸಿದರು ಎನಿಸಬಹುದು. 9.80665ರಿಂದ ಭಾಗಿಸಿ ನೋಡಿ: 300 ಮಿಲಿಮೀಟರ್ ನೀರು, ಅಂದರೆ ಚದರ ಸೆಂಟಿಮೀಟರಿಗೆ 30 ಗ್ರಾಂ. ಆರಿಸಿದ್ದು ತೂಕದ ಕುಟುಂಬದ ದುಂಡು ಸಂಖ್ಯೆಯನ್ನು, ಬರೆದದ್ದು ಪ್ಯಾಸ್ಕಲ್‌ನಲ್ಲಿ. ಕಾರ್ಖಾನೆಯ ಹಳೆಯ ನಕ್ಷೆಗಳನ್ನು ಹೊಸದಾಗಿ ಬರೆಸಿದಾಗ ಇಂಥ ಅಂಕಿಗಳು ಬಹಳ ಕಾಣಿಸುತ್ತವೆ. ಅಂಕಿ ಚಿಲ್ಲರೆಯಾಗಿ ಕಂಡರೆ ಮೂಲ ಏಕಮಾನ ಬೇರೆಯೇ ಇದ್ದಿರಬೇಕು ಎಂದು ಊಹಿಸಿ, ಸಾಮಾನ್ಯವಾಗಿ ಊಹೆ ತಪ್ಪುವುದಿಲ್ಲ.

ಪಾದರಸ ಮಾತ್ರ ಎರಡೂ ಕಡೆ ಸೇರದೆ ಉಳಿಯುತ್ತದೆ. ಅದು ನೀರಿಗಿಂತ 13.595 ಪಟ್ಟು ಭಾರ. ಒಂದು ಮಿಲಿಮೀಟರ್ ಪಾದರಸ 133.322 ಪ್ಯಾಸ್ಕಲ್. ಇದು ಎರಡನೆಯ ಸಂಖ್ಯೆ. ವೈದ್ಯರು ಬರೆಯುವ 120ರ ರಕ್ತದೊತ್ತಡ 16 ಕಿಲೋಪ್ಯಾಸ್ಕಲ್ ಆಗುತ್ತದೆ, ಗುಣಿಸಿ ನೋಡಿಕೊಳ್ಳಿ. 0.980665 ಮತ್ತು 133.322 ಎರಡೂ ಕೈಯಲ್ಲಿದ್ದರೆ ನಿಮ್ಮ ಕಾರ್ಖಾನೆಯ ಯಾವ ಗೇಜನ್ನೂ ಇನ್ನೊಂದರ ಭಾಷೆಗೆ ತರಬಹುದು.

ಈಗ ನಿಮ್ಮ ಹಿರಿಯರ ಮಾತು. ಬಾರ್ ಮತ್ತು ಕೆಜಿ ನಡುವಿನ ಅಂತರ ನೂರಕ್ಕೆ ಎರಡು. 67 ಕೆಜಿ ಬಾಯ್ಲರ್ ಅನ್ನು ತೆಗೆದುಕೊಳ್ಳೋಣ. 67 ಕೆಜಿ ಎಂದರೆ 65.7 ಬಾರ್, ವ್ಯತ್ಯಾಸ 1.3. ಅದರ ಮೇಲಿನ ಡಯಲ್ ನೂರರವರೆಗೆ ಇದ್ದು, ಗೇಜ್ ಒಂದನೆಯ ನಿಖರತೆಯ ದರ್ಜೆಯದಾಗಿದ್ದರೆ ಅದು ತೋರಿಸುವುದರಲ್ಲೇ ಒಂದು ಕೆಜಿ ಆಚೀಚೆ ಇರಬಹುದು. ಮುಳ್ಳನ್ನು ಕಣ್ಣಳತೆಯಲ್ಲಿ ಓದಿ ಶಿಫ್ಟ್ ನಡೆಸುವವರಿಗೆ ಎರಡೂ ಒಂದೇ ಎನಿಸಿದ್ದರಲ್ಲಿ ಅನುಭವವಿದೆ, ಅವರ ಮಾತನ್ನು ತಳ್ಳಿಹಾಕಬೇಡಿ. ಆದರೆ ಸೆಟ್ಟಿಂಗ್ ವಿಷಯಕ್ಕೆ ಬಂದಾಗ ಒಪ್ಪಬೇಡಿ. 67 ಕೆಜಿ ಎಂದಿರುವಲ್ಲಿ, ಬಾರ್ ಏಕಮಾನದ ಪರದೆಯಲ್ಲಿ ಅದೇ 67 ಎಂದು ಒತ್ತಿದರೆ ನೀವು ನಿಜವಾಗಿ 68.3 ಕೆಜಿ ಇಟ್ಟಂತಾಯಿತು. ತಪ್ಪು ಯಾವಾಗಲೂ ಮೇಲ್ಮುಖ, ಅಪಾಯದ ಕಡೆಗೇ. ಗೇಜಿನ ದೋಷ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಇರುತ್ತದೆ. ಏಕಮಾನದ ದೋಷ ಪ್ರತಿ ಸಲವೂ ಒಂದೇ ದಿಕ್ಕಿನದು, ಅದು ಗೇಜಿನ ದೋಷದ ಮೇಲೆ ಸೇರಿಕೊಳ್ಳುತ್ತದೆ. ಅಲಾರಂ, ಟ್ರಿಪ್ (ಯಂತ್ರವನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ), ಸೇಫ್ಟಿ ವಾಲ್ವ್, ಪರೀಕ್ಷಾ ಪ್ರಮಾಣಪತ್ರ ಈ ನಾಲ್ಕರಲ್ಲಿ ಎರಡು ಶೇಕಡಾವನ್ನು ಬಿಟ್ಟುಕೊಡಬಾರದು.

ಇದಕ್ಕೆ ತದ್ವಿರುದ್ಧವಾದ ಚಾಳಿಯೂ ಇದೆ. ಒಂದೊಂದು ಕೆಜಿಗೆ ಗೆರೆ ಇರುವ ಡಯಲ್ ಓದಿ 67 ಎಂದು ಬರೆದುಕೊಂಡು, ವರದಿಯಲ್ಲಿ 65.7046 ಬಾರ್ ಎಂದು ನಮೂದಿಸುವುದು. ಗುಣಿಸಿದರೆ ಅಳತೆ ನಿಖರವಾಗುವುದಿಲ್ಲ. ಮುಳ್ಳು ಕೊಟ್ಟದ್ದು ಎರಡು ಅಂಕಿ, ನೀವು ಬರೆಯಬಹುದಾದದ್ದು ಹೆಚ್ಚೆಂದರೆ 65.7. ಇನ್ನು ಪ್ಯಾಸ್ಕಲ್ ಮುಂದೆ ದೊಡ್ಡ ಎಂ ಬರೆದರೆ ಮೆಗಾ, ಚಿಕ್ಕ ಎಂ ಬರೆದರೆ ಮಿಲಿ. ನಡುವಿನ ಅಂತರ ನೂರು ಕೋಟಿ ಪಟ್ಟು. ಬರೆಯುವಾಗ ಅಷ್ಟು ಎಚ್ಚರ ಸಾಕು.

ಎರಡನೆಯ ತೊಡಕಿಗೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಇದೇ, ಏಕೆಂದರೆ ಇಲ್ಲಿ ನಿಮ್ಮ ಪ್ಯಾನ್ ಮೇಲೆ ಸುಮ್ಮನೆ ಅಪವಾದ ಬರುತ್ತಿದೆ.

ವ್ಯಾಕ್ಯೂಮ್ ಗೇಜಿನ ಹಿಂದಿನ ಮುಚ್ಚಳ ತೆಗೆದು ನೋಡಿದ್ದರೆ ನಿಮಗೆ ನೆನಪಿರುತ್ತದೆ: ಒಳಗೆ ಕೊಕ್ಕೆಯಂತೆ ಬಾಗಿದ ಚಪ್ಪಟೆ ಹಿತ್ತಾಳೆ ಕೊಳವೆ, ಅದರ ತುದಿಗೆ ಸಣ್ಣ ಕೊಂಡಿ, ಕೊಂಡಿಗೆ ಹಲ್ಲಿನ ಚಕ್ರ, ಚಕ್ರಕ್ಕೆ ಮುಳ್ಳು. ಕೊಳವೆಯ ಒಳಗಿರುವುದು ಪ್ಯಾನ್‌ನ ಆವಿ, ಹೊರಗಿರುವುದು ನಿಮ್ಮ ಕಾರ್ಖಾನೆಯ ಗಾಳಿ. ಒಳಗೆ ಒತ್ತಡ ಕಡಿಮೆಯಾದಂತೆ ಕೊಳವೆ ಇನ್ನಷ್ಟು ಒಳಕ್ಕೆ ಬಾಗುತ್ತದೆ, ಮುಳ್ಳು ತಿರುಗುತ್ತದೆ. ಅದು ಅಳೆಯುವುದು ಒಳಗಿನ ಒತ್ತಡವನ್ನಲ್ಲ, ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಡಿಮೆ ಎಂಬ ಅಂತರವನ್ನು. ಹೊರಗಿನ ಗಾಳಿಯೇ ಅದರ ಸೊನ್ನೆ. ಮತ್ತು ಆ ಸೊನ್ನೆ ಊರಿಂದ ಊರಿಗೆ ಬೇರೆ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ ಎಂಬುದನ್ನು 1648ರಲ್ಲಿ ಫ್ರಾನ್ಸಿನ ಪ್ಯುಯ್ ದ ದೋಮ್ ಬೆಟ್ಟದ ಮೇಲೆ ತೋರಿಸಿದರು. ಪ್ರಯೋಗದ ಯೋಚನೆ ಬ್ಲೇಸ್ ಪ್ಯಾಸ್ಕಲ್ ಅವರದು, ಪಾದರಸದ ಕೊಳವೆ ಹೊತ್ತು ಬೆಟ್ಟ ಹತ್ತಿದ್ದು ಅವರ ಭಾವ ಫ್ಲೋರಾಂ ಪೆರಿಯೆ. ಮೇಲೆ ಹೋದಾಗ ಪಾದರಸದ ಕಂಬ ಗಿಡ್ಡದಾಯಿತು. ಒತ್ತಡದ ಏಕಮಾನಕ್ಕೆ ಪ್ಯಾಸ್ಕಲ್ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1971ರಲ್ಲಿ. ನಿಮ್ಮ ಪ್ಯಾನ್‌ನ ಗೇಜ್ ನಿತ್ಯ ಮಾಡುತ್ತಿರುವುದೂ ಆ ಬೆಟ್ಟದ ಪ್ರಯೋಗವನ್ನೇ.

ಸಮುದ್ರಮಟ್ಟದಲ್ಲಿ ಪ್ರಮಾಣಿತ ವಾಯುಭಾರ 760 ಮಿಲಿಮೀಟರ್ ಪಾದರಸ, ಅಂದರೆ 101.325 ಕಿಲೋಪ್ಯಾಸ್ಕಲ್. ನಮ್ಮ ಎತ್ತರದಲ್ಲಿ ಸುಮಾರು ಎಂಟೂವರೆ ಮೀಟರ್ ಏರಿದರೆ ಒಂದು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಮೇಲಿದೆ. ಲೆಕ್ಕ ಹಾಕಿದರೆ ಅಲ್ಲಿನ ವಾಯುಭಾರ ಸುಮಾರು 93.4 ಕಿಲೋಪ್ಯಾಸ್ಕಲ್, ಪಾದರಸದಲ್ಲಿ 700 ಮಿಲಿಮೀಟರ್. ಈ 700 ಎಂಬ ಅಂಕಿಯನ್ನು ಪ್ಯಾನ್ ನಿಲ್ದಾಣದ ಗೋಡೆಯ ಮೇಲೆ ಬರೆದಿಡಿ.

ಈಗ ನಿಮ್ಮ ಮುಖ್ಯಸ್ಥರ 650. ಕರಾವಳಿಯ ಕಾರ್ಖಾನೆಯಲ್ಲಿ ಮುಳ್ಳು 650 ತೋರಿಸಿದಾಗ ಪ್ಯಾನ್ ಒಳಗೆ ಉಳಿದಿರುವ ನಿಜವಾದ ಒತ್ತಡ 760ರಲ್ಲಿ 650 ಕಳೆದು 110 ಮಿಲಿಮೀಟರ್, ಅಂದರೆ 14.7 ಕಿಲೋಪ್ಯಾಸ್ಕಲ್. ಆ ಒತ್ತಡದಲ್ಲಿ ಶುದ್ಧ ನೀರು 53 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ನಿಮ್ಮಲ್ಲಿ ಮುಳ್ಳು 600 ತೋರಿಸಿದಾಗ ಒಳಗಿರುವುದು 700ರಲ್ಲಿ 600 ಕಳೆದು 100 ಮಿಲಿಮೀಟರ್, 13.3 ಕಿಲೋಪ್ಯಾಸ್ಕಲ್. ನೀರು ಕುದಿಯುವುದು 51 ಡಿಗ್ರಿ ಚಿಲ್ಲರೆಗೆ. ಪಾಕದಲ್ಲಿ ಸಕ್ಕರೆ ಕರಗಿರುವುದರಿಂದ ಅದು ಕುದಿಯುವ ಬಿಸಿ ಎರಡೂ ಕಡೆ ಇದಕ್ಕಿಂತ ಹೆಚ್ಚಿರುತ್ತದೆ, ಆದರೆ ಹೋಲಿಕೆ ಬದಲಾಗದು. ನಿಮ್ಮ ಪ್ಯಾನ್ ಅವರ ಹಳೆಯ ಪ್ಯಾನ್‌ಗಿಂತ ಕೊಂಚ ಮೇಲಾಗಿಯೇ ನಡೆಯುತ್ತಿದೆ. ಅವರು ಅಲ್ಲಿ ಕಂಡ ಸ್ಥಿತಿಯನ್ನೇ ಇಲ್ಲಿ ಬಯಸಿದರೆ ಮುಳ್ಳು 590 ತೋರಿಸಿದರೆ ಸಾಕು.

ಇಲ್ಲಿಯೂ 650 ಬೇಕೆಂದು ಹಟ ಹಿಡಿದರೆ ಆಗುವುದೇನು ಎಂದೂ ನೋಡಿ. ಒಳಗೆ ಉಳಿಯಬೇಕಾದದ್ದು 50 ಮಿಲಿಮೀಟರ್, 6.7 ಕಿಲೋಪ್ಯಾಸ್ಕಲ್. ಆ ಒತ್ತಡದ ಆವಿ ನೀರಾಗುವುದು 38 ಡಿಗ್ರಿಯಲ್ಲಿ. ಬೇಸಿಗೆ ತಲೆಹಾಕುವ ಹೊತ್ತಿಗೆ ಸ್ಪ್ರೇ ಕೊಳದಿಂದ, ಆವಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿಗೆ ಬರುವ ನೀರೇ ಮೂವತ್ತು ಡಿಗ್ರಿ ದಾಟಿರುತ್ತದೆ. ಅಷ್ಟು ಸಣ್ಣ ಅಂತರದಲ್ಲಿ ಆವಿಯನ್ನೆಲ್ಲ ತಣಿಸಬೇಕಾದರೆ ನೀರು ವಿಪರೀತ ಹರಿಯಬೇಕು, ಇಂಜೆಕ್ಷನ್ ಪಂಪುಗಳೆಲ್ಲ ಓಡಬೇಕು, ವಿದ್ಯುತ್ ಉರಿಯಬೇಕು, ಆದರೂ ಮುಳ್ಳು ಅಲ್ಲಿಗೆ ತಲುಪುವುದು ಕಷ್ಟ. ಇಲ್ಲದ ಗಾಳಿ ಸೋರಿಕೆಯನ್ನು ಹುಡುಕುತ್ತಾ ಪ್ಯಾನ್‌ಮನ್‌ಗಳು ರಾತ್ರಿಯೆಲ್ಲ ಜಾಯಿಂಟುಗಳಿಗೆ ಪ್ಯಾಕಿಂಗ್ ತುಂಬುವಂತಾಗಬಾರದು. ಮುಖ್ಯಸ್ಥರ ಬಳಿ ವಾದಕ್ಕೆ ಹೋಗಬೇಡಿ. ಎರಡೂ ಊರಿನ ವಾಯುಭಾರ ಬರೆದು, ಕಳೆದು, ಉಳಿದದ್ದನ್ನು ಒಂದೇ ಹಾಳೆಯಲ್ಲಿ ತೋರಿಸಿ. ಅನುಭವಸ್ಥರು ತಕ್ಷಣ ಹಿಡಿಯುತ್ತಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಮಂಡ್ಯ ಎಂದು ನಮ್ಮ ಸಕ್ಕರೆ ಜಿಲ್ಲೆಗಳೆಲ್ಲ ಪ್ರಸ್ಥಭೂಮಿಯ ಮೇಲಿರುವುದರಿಂದ ಈ ಗೊಂದಲ ನಿಮ್ಮೊಬ್ಬರದಲ್ಲ.

ಒಂದು ಎಚ್ಚರಿಕೆ. ನಿಮ್ಮ ಊರಿನ ವಾಯುಭಾರ ತಿಳಿಯಲು ಹವಾಮಾನ ವರದಿಯಲ್ಲಿ ಬರುವ 1010 ಹೆಕ್ಟೋಪ್ಯಾಸ್ಕಲ್‌ನಂಥ ಅಂಕಿಯನ್ನು ತೆಗೆದುಕೊಳ್ಳಬೇಡಿ. ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸಲೆಂದು ಅದನ್ನು ಸಮುದ್ರಮಟ್ಟಕ್ಕೆ ಇಳಿಸಿ ಕೊಟ್ಟಿರುತ್ತಾರೆ. ಬೇಕಾದದ್ದು ಆ ಜಾಗದ ನೇರ ವಾಯುಭಾರ. ಬ್ಯಾರೋಮೀಟರ್ ಸೆನ್ಸರ್ ಇರುವ ಮೊಬೈಲ್ ಅದನ್ನು ತೋರಿಸುತ್ತದೆ, ಮಂಡ್ಯದಲ್ಲಿ 934ರ ಆಸುಪಾಸು ಬರಬೇಕು.

ಇದೇ ಸೊನ್ನೆಯ ವಿಷಯ ಉಗಿಯ ಕಡೆಯೂ ಕಾಡುತ್ತದೆ. ಉಗಿಯ ಕೋಷ್ಟಕಗಳಲ್ಲಿರುವುದು ನಿರಪೇಕ್ಷ ಒತ್ತಡ, ಅಂದರೆ ಪೂರ್ಣ ಶೂನ್ಯದಿಂದ ಅಳೆದದ್ದು. ಟರ್ಬೈನಿನಿಂದ ಹೊರಬರುವ ಎಕ್ಸಾಸ್ಟ್ ಉಗಿಯ ಗೇಜ್ 1.5 ಕೆಜಿ ತೋರಿಸುತ್ತಿದೆ ಎನ್ನಿ. ಹಾಗೆಯೇ ಕೋಷ್ಟಕದಲ್ಲಿ 1.5 ಬಾರ್ ಸಾಲಿಗೆ ಬೆರಳಿಟ್ಟರೆ 111 ಡಿಗ್ರಿ ಸಿಗುತ್ತದೆ. ಸರಿಯಾದ ದಾರಿ: 1.5 ಕೆಜಿ ಎಂದರೆ 147 ಕಿಲೋಪ್ಯಾಸ್ಕಲ್, ಅದಕ್ಕೆ ಮಂಡ್ಯದ ಗಾಳಿಯ 93 ಸೇರಿಸಿದರೆ 240, ಅಂದರೆ 2.4 ಬಾರ್, ಕೋಷ್ಟಕದಲ್ಲಿ 126 ಡಿಗ್ರಿ. ಹದಿನೈದು ಡಿಗ್ರಿ ವ್ಯತ್ಯಾಸ. ಥರ್ಮಾಮೀಟರ್ 126 ತೋರಿಸುವಾಗ ತಪ್ಪು ಸಾಲು ನೋಡಿದವರು ಉಗಿ ಹದಿನೈದು ಡಿಗ್ರಿ ಹೆಚ್ಚು ಕಾದಿದೆ ಎಂದುಕೊಂಡು ಅದಕ್ಕೆ ನೀರು ಚಿಮುಕಿಸುತ್ತಾರೆ. ಒಣ ಉಗಿ ಒದ್ದೆಯಾಗುತ್ತದೆ. ಇದರ ಪಕ್ಕದಲ್ಲಿ ಬಾರ್ ಮತ್ತು ಕೆಜಿಯ ಎರಡು ಶೇಕಡಾ ಎಷ್ಟು ಸಣ್ಣದು ನೋಡಿ. ನಾನು ಹೇಳಿದ ಅಭ್ಯಾಸ ಇದು: ಗುಣಿಸುವ ಮೊದಲು ಈ ಅಂಕಿಯ ಸೊನ್ನೆ ಯಾವುದು ಎಂದು ಕೇಳಿ. ಗೇಜಿನಿಂದ ಗೇಜಿಗೆ ಹೋಗುವಾಗ ಗುಣಿಸಿದರೆ ಸಾಕು. ಗೇಜಿನಿಂದ ನಿರಪೇಕ್ಷಕ್ಕೆ ಹೋಗುವಾಗ ಮೊದಲು ಏಕಮಾನ ಬದಲಿಸಿ, ಆಮೇಲೆ ಅದೇ ಏಕಮಾನದಲ್ಲಿ ಸ್ಥಳದ ವಾಯುಭಾರ ಸೇರಿಸಿ. ಫಿಲ್ಟರಿನ ಎರಡು ಬದಿಗಳ ಅಂತರದಂಥ ಅಳತೆಗೆ ಏನನ್ನೂ ಸೇರಿಸಬಾರದು, ಏಕೆಂದರೆ ವಾಯುಭಾರ ಎರಡೂ ಬದಿಯಲ್ಲಿ ಇದ್ದು ವಜಾ ಆಗಿರುತ್ತದೆ.

ಕೊನೆಯದಾಗಿ ಡ್ರಾಫ್ಟ್ ಟ್ರಾನ್ಸ್‌ಮಿಟರ್. ಇದು ಹೊರಗಿನ ಗಾಳಿಯನ್ನೇ ಸೊನ್ನೆಯಾಗಿಟ್ಟು ಅಳೆಯುವ ಗೇಜ್ ಒತ್ತಡವೇ, ಸೊನ್ನೆಯ ತೊಡಕಿಲ್ಲ. ನಿಮ್ಮ ಹಳೆಯ ಮಾಪಕ ಋಣ 25ರಿಂದ ಧನ 25 ಮಿಲಿಮೀಟರ್ ನೀರಿನದು ಎಂದಿಟ್ಟುಕೊಂಡರೆ ಪ್ಯಾಸ್ಕಲ್‌ನಲ್ಲಿ ಅದು ಋಣ 245ರಿಂದ ಧನ 245. ದುಂಡಗಿರಲಿ ಎಂದು 250 ಇಡಬೇಕೆನಿಸುತ್ತದೆ. ಕಂಟ್ರೋಲ್ ರೂಮಿನ ಪರದೆಯ ಮಾಪನವನ್ನು ಹಳೆಯ 25 ಮಿಲಿಮೀಟರಿಗೇ ಬಿಟ್ಟು ಹಾಗೆ ಮಾಡಿದರೆ ನಡೆಯುವುದು ಇಷ್ಟು: ಫರ್ನೇಸ್‌ನಲ್ಲಿ ಋಣ 5 ಮಿಲಿಮೀಟರ್ ಇದ್ದಾಗ ಪರದೆ ಋಣ 4.9 ತೋರಿಸುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ, ಮತ್ತೆ ಅದೇ ಎರಡು ಶೇಕಡಾ ಸದ್ದಿಲ್ಲದೆ ಲಾಗ್‌ಬುಕ್ ಸೇರುತ್ತದೆ. ಟ್ರಾನ್ಸ್‌ಮಿಟರಿನ ರೇಂಜ್ ಬದಲಿಸಿದರೆ ಪರದೆಯ ಮಾಪನವನ್ನೂ ಅದೇ ದಿನ ಬದಲಿಸಿ. ಹಂಗಾಮಿನ ನಡುವೆ ಲಾಗ್‌ಬುಕ್ಕಿನ ಏಕಮಾನ ಬದಲಿಸುವುದು ಬೇಡವೆಂದಿದ್ದರೆ ರೇಂಜನ್ನು 245ಕ್ಕೇ ಇಡಿ. ನನ್ನ ಸಲಹೆ ಎರಡನೆಯದೇ. ಮೂರು ಶಿಫ್ಟಿನವರೂ ಮಿಲಿಮೀಟರ್ ನೀರನ್ನು ಕಣ್ಣಲ್ಲೇ ಅಳೆಯಬಲ್ಲರು, ಕಬ್ಬು ನುರಿಸುತ್ತಿರುವಾಗ ಅವರ ಅಂದಾಜನ್ನು ಕದಡುವುದು ಒಳ್ಳೆಯದಲ್ಲ.

ಇಟ್ಟ ಮೇಲೆ ಪರೀಕ್ಷಿಸಲು ಯು ಆಕಾರದ ನೀರಿನ ಮ್ಯಾನೋಮೀಟರ್ ಒಂದು ಸಾಕು. ಟ್ರಾನ್ಸ್‌ಮಿಟರಿಗೂ ಅದಕ್ಕೂ ಒಂದೇ ಕೊಳವೆಯಿಂದ ಗಾಳಿ ಕೊಟ್ಟು ಎರಡು ಕಾಲುಗಳಲ್ಲಿನ ನೀರಿನ ಮಟ್ಟಕ್ಕೆ 20 ಮಿಲಿಮೀಟರ್ ಅಂತರ ಬರುವಂತೆ ಮಾಡಿ. ಟ್ರಾನ್ಸ್‌ಮಿಟರಿನ ಮೇಲೆ 196 ಪ್ಯಾಸ್ಕಲ್, 4ರಿಂದ 20 ಮಿಲಿಆಂಪಿಯರ್ ಸಂಕೇತ ಒಯ್ಯುವ ತಂತಿಯಲ್ಲಿ 18.4 ಮಿಲಿಆಂಪಿಯರ್, ಪರದೆಯಲ್ಲಿ 20 ಮಿಲಿಮೀಟರ್ ಬರಬೇಕು. ಮೂರರಲ್ಲಿ ಒಂದು ತಾಳೆಯಾಗದಿದ್ದರೂ ಫರ್ನೇಸ್ ಡ್ರಾಫ್ಟನ್ನು ಆಟೋ ಕಂಟ್ರೋಲ್‌ಗೆ ಹಾಕಬೇಡಿ.